ನನ್ನ ಕೈಬೆರಳಿಗೆ ಊರೆಲ್ಲ ವೈದ್ಯರು

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ನನಗೆ ಬೆಳಗಿನ ಬಸ್ಸಿನ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸು. ಸೀಟು ಸಿಕ್ಕಿದ ದಿನ ಪರವಾಗಿಲ್ಲ, ಸಿಗದ ದಿನ ಮೊಣಕೈಯನ್ನು ಕಂಬಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ. ಕಂಡಕ್ಟರ್ ಕೊಟ್ಟ ಚಿಲ್ಲರೆ ಅಂಗೈಯಿಂದ ಜಾರಿ ಕೆಳಗೆ ಬೀಳುತ್ತಿತ್ತು, ಏಕೆಂದರೆ ಬೆರಳು ಮಡಚುತ್ತಿರಲಿಲ್ಲ. ಬಗ್ಗಿ ಹೆಕ್ಕಲು ಹೋದರೆ ಬೆರಳು ಚಿಮಟದ ಕೆಲಸ ಮಾಡಲು ಒಪ್ಪುತ್ತಿರಲಿಲ್ಲ. ಪಕ್ಕದವರು ಯಾರಾದರೂ ಎತ್ತಿ ಕೊಡುತ್ತಿದ್ದರು. ಆಗ ನನಗೆ ಮೂವತ್ತೈದು ದಾಟಿರಲಿಲ್ಲ.

ಅರಕಲಗೂಡಿನ ಕೋರ್ಟಿನಲ್ಲಿ ನಾನು ಟೈಪಿಸ್ಟ್. ತೊಂಬತ್ತರ ದಶಕ ಮುಗಿಯುತ್ತಿತ್ತು. ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಬಂದಿತ್ತೇ ಹೊರತು ಕಂಪ್ಯೂಟರ್ ಬಂದಿರಲಿಲ್ಲ. ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಮಾತಿನಲ್ಲಿ ಹೇಳುತ್ತಾನೆ, ಮ್ಯಾಜಿಸ್ಟ್ರೇಟರು ಅದನ್ನು ಬರಹದ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಾರೆ, ಪೀಠದ ಕೆಳಗಿನ ಮೇಜಿನಲ್ಲಿ ಕೂತ ನಾನು ಅದನ್ನು ಅಲ್ಲೇ ಟೈಪ್ ಮಾಡಬೇಕು. ಮೂಲ ಹಾಳೆಯ ಹಿಂದೆ ಒಂದು ಕಾರ್ಬನ್, ಒಂದು ತೆಳು ಹಾಳೆ, ಮತ್ತೆ ಕಾರ್ಬನ್, ಮತ್ತೆ ಹಾಳೆ. ಮೂರನೆಯ ಹಾಳೆಯವರೆಗೆ ಅಕ್ಷರ ಇಳಿಯಬೇಕಾದರೆ ಪ್ರತಿ ಕೀಯನ್ನೂ ಗುದ್ದಬೇಕು. ಕನ್ನಡದ ಮೆಷಿನ್ ಬೇರೆ. ಒತ್ತಕ್ಷರ ಬಂತೆಂದರೆ ಕಿರುಬೆರಳಿನಿಂದ ಶಿಫ್ಟ್ ಅದುಮಿ ಹಿಡಿದು ಇನ್ನೊಂದು ಕೈಯಲ್ಲಿ ಹೊಡೆಯಬೇಕು. ಸಾಲು ಮುಗಿದಾಗ ಎಡಗೈಯಿಂದ ಕ್ಯಾರೇಜನ್ನು ತಳ್ಳಬೇಕು. ವಕೀಲರು 'ಸ್ವಯಾರ್ಜಿತ', 'ಪಿತ್ರಾರ್ಜಿತ' ಎಂದಾಗಲೆಲ್ಲ ನನ್ನ ಕಿರುಬೆರಳು ಒಳಗೊಳಗೇ ಬೈದುಕೊಳ್ಳುತ್ತಿತ್ತು.

ಬೆಳಿಗ್ಗೆ ಎರಡೂ ಕೈಗಳು ಮರದ ಹಲಗೆಯಂತೆ ಮರಗಟ್ಟಿರುತ್ತಿದ್ದವು. ಕೋರ್ಟು ಕೂರುವ ಹೊತ್ತಿಗೂ ಸಡಿಲವಾಗುತ್ತಿರಲಿಲ್ಲ. ಊಟದ ವಿರಾಮದ ಹೊತ್ತಿಗೆ ಒಂದಿಷ್ಟು ಬಾಗುತ್ತಿದ್ದವು. ಸಂಜೆ ಬಸ್ಸು ಹತ್ತುವಾಗ ಬೆರಳಿನ ಬುಡದ ಗೆಣ್ಣುಗಳು ಕೆಂಪಗೆ ಊದಿ, ಮುಟ್ಟಿದರೆ ಬಿಸಿ.

"ಚಳಿ ಕಣೇ ಅದು. ಬೆಳಗಾಗೆದ್ದು ತಣ್ಣೀರಲ್ಲಿ ಪಾತ್ರೆ ತೊಳೀತೀಯ, ಅದಕ್ಕೆ" ಎಂದರು ನಮ್ಮತ್ತೆ.

ಚಳಿಯಲ್ಲ ಎಂದು ನಮ್ಮೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು. ಇದಕ್ಕೆ ಸಂಧಿವಾತ ಎಂದು ಹೆಸರು, ವಯಸ್ಸಾದವರ ಮಂಡಿನೋವಿನಂಥದ್ದಲ್ಲ, ದೇಹವೇ ತನ್ನ ಕೀಲುಗಳನ್ನು ಹಗೆಯೆಂದು ತಿಳಿದು ಕೆಡಿಸುತ್ತದೆ, ಹಾಸನಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ತೋರಿಸಿದೆವು. ಹಾಸನದ ಡಾಕ್ಟರು ಹೆಚ್ಚು ಮಾತಿನವರಲ್ಲ. ನೋವಿಗೆ ಒಂದು ಮಾತ್ರೆ ಬರೆದರು, ಕಾಯಿಲೆಗೆ ವಾರಕ್ಕೊಮ್ಮೆ ನುಂಗುವ ಇನ್ನೊಂದು ಮಾತ್ರೆ ಬರೆದರು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದರು, ಮುಂದಿನವರನ್ನು ಕರೆದರು.

ನಮ್ಮೆಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಾತ್ರೆಯ ಡಬ್ಬಿಯೊಳಗೆ ಮಡಿಚಿಟ್ಟಿದ್ದ ಸಣ್ಣಕ್ಷರದ ಕಾಗದವನ್ನು ಬಿಡಿಸಿ, ಕನ್ನಡಕ ಏರಿಸಿ, ಪೂರ್ತಿ ಓದಿದರು. ಓದುತ್ತಾ ಓದುತ್ತಾ ಮುಖ ಗಂಟಾಯಿತು.

"ಇದು ಲಿವರಿಗೆ ಹೊಡೀಬಹುದಂತೆ. ವಾಂತಿ ಆಗಬಹುದಂತೆ. ಕೂದಲು ಉದುರಬಹುದಂತೆ. ಇಂಥ ಮಾತ್ರೆ ಈಗಲೇ ಯಾಕೆ? ಮೊದಲು ಬಿಸಿ, ತಂಪು, ವಿಶ್ರಾಂತಿ ಎಲ್ಲ ಕ್ರಮವಾಗಿ ನೋಡೋಣ. ಆಮೇಲಲ್ಲವಾ ಮಾತ್ರೆ?"

ಕ್ರಮವಾಗಿ ಎಂಬ ಮಾತು ಅವರಿಗೆ ಬಹಳ ಪ್ರೀತಿ. ನನಗೂ ಭಯವಿದ್ದೇ ಇತ್ತು. ಡಬ್ಬಿ ಗೋಡೆ ಬೀರುವಿನ ಮೇಲಿನ ಅರೆಗೆ ಹೋಯಿತು. ನೋವಿನ ಮಾತ್ರೆಯೊಂದನ್ನೇ ನುಂಗಿಕೊಂಡು ನಾನು ನಮ್ಮನೆಯವರೆಲ್ಲರ ಪ್ರಯೋಗಕ್ಕೆ ಕೈ ಒಡ್ಡಿದೆ.

ಮೊದಲ ಸರದಿ ಅತ್ತೆಯವರದು. ಲಕ್ಕಿ ಸೊಪ್ಪನ್ನು ನೀರಿಗೆ ಹಾಕಿ ಕುದಿಸಿ, ಆ ಹಬೆಗೆ ಕೈ ಹಿಡಿಸಿ, ಮೇಲೆ ಕಂಬಳಿ ಹೊದಿಸುವರು. ಆಮೇಲೆ ಬಿಸಿ ಹರಳೆಣ್ಣೆ. ಆಮೇಲೆ ಹೊಳೆ ಮರಳನ್ನು ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಗೆಣ್ಣಿನ ಮೇಲೆ ಒತ್ತುವರು. ಬೆಳಗಿನ ಹೊತ್ತು ಇದರಿಂದ ಸುಖವಾಗುತ್ತಿತ್ತು, ಸುಳ್ಳು ಹೇಳಬಾರದು. ಬೆರಳು ಒಂದೊಂದಾಗಿ ಬಾಗುತ್ತಿದ್ದವು. ಆದರೆ ಅತ್ತೆಗೆ ಬೆಳಿಗ್ಗೆ ಒಳ್ಳೆಯದಾದದ್ದು ಸಂಜೆ ಇನ್ನೂ ಒಳ್ಳೆಯದು ಎಂಬ ಲೆಕ್ಕ. ಊದಿ ಕೆಂಡದಂತೆ ಸುಡುತ್ತಿದ್ದ ಕೈಗೆ ಸಂಜೆ ಮತ್ತೆ ಹುರಿದ ಮರಳು.

"ಅತ್ತೆ, ಈಗ ಬೇಡ, ಉರೀತಿದೆ."

"ಉರಿ ಬಂದರೇ ವಾತ ಬಿಡೋದು. ಸ್ವಲ್ಪ ತಡ್ಕೋ."

ತಡೆದುಕೊಂಡೆ. ಮರುದಿನ ಕೋರ್ಟಿನಲ್ಲಿ ಶಿಫ್ಟ್ ಕೀ ಅದುಮಲು ಕಿರುಬೆರಳ ಬದಲು ಅಂಗೈಯ ಅಂಚನ್ನು ಬಳಸಿದೆ. ಅಂಗೈ ಪಕ್ಕದ ಕೀಯನ್ನೂ ಸೇರಿಸಿ ಅದುಮಿತು. ಒಂದು ಪುಟ ಮತ್ತೆ ಟೈಪ್ ಮಾಡಿದೆ.

ಬಿಸಿಯಲ್ಲೂ ವೈಜ್ಞಾನಿಕವಾದ ಬಿಸಿ ಇದೆ ಎಂದು ನಮ್ಮೆಜಮಾನರು ಪತ್ತೆ ಮಾಡಿದರು. ಹಾಸನದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಮೇಣದ ಚಿಕಿತ್ಸೆ ಕೊಡುತ್ತಿದ್ದರು. ನಾನು ಶನಿವಾರಗಳಂದು ಹೋಗತೊಡಗಿದೆ. ಅಲ್ಲಿದ್ದ ಹುಡುಗಿ ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದವಳು, ನಗುಮುಖದವಳು. ಸ್ಟೀಲಿನ ತೊಟ್ಟಿಯಲ್ಲಿ ಕರಗಿದ ಮೇಣ ಸದಾ ಒಂದೇ ಹದದಲ್ಲಿರುತ್ತಿತ್ತು. ಬಳೆ, ಉಂಗುರ ತೆಗೆದು, ಕೈ ತೊಳೆದು ಒರೆಸಿ, ಬೆರಳು ಅಗಲಿಸಿ ಮಣಿಕಟ್ಟಿನವರೆಗೆ ಅದ್ದಬೇಕು, ತಕ್ಷಣ ಎತ್ತಬೇಕು. ಮೇಲಿನ ಪದರ ಮಂಕಾದ ಮೇಲೆ ಮತ್ತೆ ಅದ್ದಬೇಕು. ಹೀಗೆ ಪದರದ ಮೇಲೆ ಪದರ ಕೂತು ಕೈಗೆ ಬಿಳಿ ಗವುಸು ತೊಡಿಸಿದಂತಾಗುವುದು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟವೆಲ್. ಒಂದಿಷ್ಟು ಹೊತ್ತು ಕೂತಿದ್ದು ಮೇಣ ಸುಲಿದು ತೆಗೆದರೆ ಒಳಗಿಂದ ಮೆತ್ತಗಿನ, ಬೆಚ್ಚಗಿನ, ಯಾರದೋ ಕೈ ಎನಿಸುವಂಥ ಕೈ ಹೊರಗೆ ಬರುತ್ತಿತ್ತು. ಆಗ ಅವಳು ಬೆರಳಿನ ವ್ಯಾಯಾಮ ಮಾಡಿಸುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಮುಷ್ಟಿ ಕಟ್ಟಬಲ್ಲವಳಾಗಿದ್ದೆ.

ಆ ಸುಖ ಹಾಸನದ ಬಸ್ ನಿಲ್ದಾಣದಿಂದ ಹೊಳೆನರಸೀಪುರದ ಬಸ್ ನಿಲ್ದಾಣದವರೆಗೆ ಇರುತ್ತಿತ್ತು. ಇಳಿಯುವಾಗ ಕೈ ಮತ್ತೆ ನನ್ನದೇ.

"ಮೇಡಂ, ಇಷ್ಟು ಊದಿರೋವಾಗ ಮೇಣ ಮಾಡಬಾರದು, ಡಾಕ್ಟರು ಕೊಟ್ಟ ಮಾತ್ರೆ ತಗೋತಿದ್ದೀರಲ್ವಾ?" ಎಂದು ಆ ಹುಡುಗಿ ಒಮ್ಮೆ ಕೇಳಿದಳು. ತಗೋತಿದ್ದೀನಿ ಎಂದೆ. ನೋವಿನ ಮಾತ್ರೆ ತಗೊಳ್ಳುತ್ತಿದ್ದೆನಲ್ಲ.

ವಾರಕ್ಕೊಮ್ಮೆ ಹಾಸನಕ್ಕೆ ಹೋಗುವ ಬದಲು ದಿನವೂ ಮನೆಯಲ್ಲೇ ಯಾಕೆ ಮಾಡಬಾರದು ಎಂಬುದು ನಮ್ಮೆಜಮಾನರ ಮುಂದಿನ ಆಲೋಚನೆ. ಅಂಗಡಿಯಿಂದ ಮೇಣದಬತ್ತಿ ತಂದು, ಬತ್ತಿ ಕಿತ್ತು, ಹಳೆಯ ಕುಕ್ಕರಿನಲ್ಲಿ ಕರಗಿಸಿದರು. ಶಾಲೆಯ ಪ್ರಯೋಗಾಲಯದಿಂದ ಥರ್ಮಾಮೀಟರ್ ಕೂಡ ತಂದಿದ್ದರು, ಅದನ್ನು ಮೇಣದೊಳಗೆ ಇಳಿಬಿಟ್ಟು ಓದುತ್ತಿದ್ದಂತೆ ಯಾರೋ ಬಾಗಿಲು ಬಡಿದರು. ಅವರು ಎದ್ದು ಹೋದರು. ನಾನು ಕ್ಲಿನಿಕ್ಕಿನ ಅಭ್ಯಾಸದಂತೆ ಕೈ ಅದ್ದಿದೆ. ಕ್ಲಿನಿಕ್ಕಿನ ಮೇಣಕ್ಕೆ ಬೇಗ ಕರಗಲೆಂದು ಎಣ್ಣೆಯಂಥದ್ದೇನೋ ಬೆರೆಸಿರುತ್ತಾರೆ, ಮೇಣದಬತ್ತಿ ಕರಗುವುದು ಅದಕ್ಕಿಂತ ಎಷ್ಟೋ ಹೆಚ್ಚು ಶಾಖದಲ್ಲಿ ಎಂದು ನಮಗೆ ತಿಳಿದದ್ದು ನನ್ನ ಬಲಗೈಯ ಮೇಲೆ ಗುಳ್ಳೆ ಎದ್ದ ಮೇಲೆ.

ಗುಳ್ಳೆ ಒಡೆದ ಕೈಗೆ ಬಟ್ಟೆ ಸುತ್ತಿಕೊಂಡು ಕೋರ್ಟಿಗೆ ಹೋದೆ. ಅಡುಗೆ ಮಾಡುವಾಗ ಎಣ್ಣೆ ಸಿಡಿಯಿತು ಎಂದು ಎಲ್ಲರಿಗೂ ಹೇಳಿದೆ. ಸಂಧಿವಾತದ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೈಪಿಸ್ಟಿಗೆ ಕೈ ಬರುವುದಿಲ್ಲ ಎಂದು ತಿಳಿದರೆ ಏನಾಗುತ್ತದೋ ಎಂಬ ಹೆದರಿಕೆ ನನಗೆ. ಬಡ್ತಿ ಹೋಗಲಿ, ಇರುವ ಕೆಲಸವೇ ಉಳಿಯುತ್ತದೋ ಇಲ್ಲವೋ.

ಆಮೇಲೆ ತಂಪಿನ ಸರದಿ ಬಂತು. ಬಿಸಿಯಲ್ಲಿ ಸೋತದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ನಮ್ಮೆಜಮಾನರು ತಂಪನ್ನು ಹಿಡಿದುಕೊಂಡರು. ಐಸ್‌ಕ್ಯಾಂಡಿ ಮಾಡುವವರಿಂದ ಮಂಜುಗಡ್ಡೆ ತಂದು, ಗೋಣಿಚೀಲದಲ್ಲಿ ಹಾಕಿ ಕುಟ್ಟಿ ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ಸಂಜೆ ಕೈಯ ಮೇಲಿಡುತ್ತಿದ್ದರು. ಊದಿದ ಕೈಗೆ ಅದು ನಿಜಕ್ಕೂ ಹಿತವಾಗಿತ್ತು. ಆದರೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದರು.

"ಏನೋ ಇದು, ವಾತದ ಮೈಗೆ ಹಿಮ ಇಡ್ತೀಯಲ್ಲೋ! ನಿಮ್ಮ ಸೈನ್ಸಿಗೆ ಬೆಂಕಿ ಹಾಕ! ಹುಡುಗಿ ಕೈ ಸೊಟ್ಟಗಾಗತ್ತೆ ನೋಡ್ತಿರು."

"ಅಮ್ಮಾ, ಊತಕ್ಕೆ ತಂಪೇ ಔಷಧಿ. ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

ಫ್ಲಾಸ್ಕಿನಲ್ಲಿ ಮಂಜುಗಡ್ಡೆ ತುಂಬಿ ನನ್ನ ಊಟದ ಚೀಲಕ್ಕೂ ಇಟ್ಟರು. ಕೋರ್ಟಿನಲ್ಲಿ ಊಟದ ವಿರಾಮದಲ್ಲಿ ಕಡತಗಳ ಕೋಣೆಯ ಮೂಲೆಗೆ ಹೋಗಿ ಕರ್ಚೀಫಿನಲ್ಲಿ ಕಟ್ಟಿ ಒತ್ತಿಕೊಳ್ಳುತ್ತಿದ್ದೆ. ಒಂದು ದಿನ ನಮ್ಮ ದಲಾಯತ್, ಅಂದರೆ ಕೋರ್ಟಿನಲ್ಲಿ ಸಾಕ್ಷಿಗಳ ಹೆಸರು ಕೂಗುವ ಜವಾನ, ಒಳಗೆ ಬಂದು ನೋಡಿಬಿಟ್ಟ.

"ಇದ್ಯಾಕ್ ಮೇಡಮ್ಮೋರೆ, ಸಳಿ ಕಾಲ್ದಾಗೆ ಐಸು?"

"ಸುಟ್ಟ ಗಾಯ ಕಣಪ್ಪ, ಉರಿ."

"ಸುಟ್ಟಿದ್ಕೆ ಇಸ್ಟ್ ದಿನ್ವಾ? ಲೋಳೆಸರ ಅಚ್ಕಳಿ, ನಾ ತಂದ್ಕೊಡ್ತೀನಿ" ಎಂದು ಹೋದವನು ಮಾರನೆಯ ದಿನ ನಿಜವಾಗಿಯೂ ಒಂದು ಮಾರುದ್ದದ ಲೋಳೆಸರ ತಂದು ನನ್ನ ಟೈಪ್‌ರೈಟರಿನ ಮೇಲಿಟ್ಟ. ಅದರ ಲೋಳೆ ರಿಬ್ಬನ್ನಿಗೆ ಅಂಟಿ, ಮಸಿಯೆಲ್ಲ ಕಲೆಸಿ, ಅರ್ಧ ದಿನ ಮೆಷಿನ್ ಒರೆಸಿದೆ.

ಕೊನೆಗೆ ಬಿಸಿ ಮತ್ತು ತಂಪು ಎರಡನ್ನೂ ಒಟ್ಟಿಗೇ ಮಾಡುವ ಪದ್ಧತಿಯೊಂದಿದೆ ಎಂದು ನಮ್ಮೆಜಮಾನರು ಎಲ್ಲೋ ಓದಿ ಬಂದರು. ಎರಡು ಬಕೆಟ್. ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ಐಸು ಹಾಕಿದ ನೀರು. ಇದರಲ್ಲಿ ಅದ್ದು, ತೆಗಿ, ಅದರಲ್ಲಿ ಅದ್ದು, ತೆಗಿ. ಥರ್ಮಾಮೀಟರ್ ಈ ಬಕೆಟ್ಟಿಗೂ ಆ ಬಕೆಟ್ಟಿಗೂ ಓಡಾಡುತ್ತಿತ್ತು. ಅತ್ತೆ ಬಿಸಿ ಬಕೆಟ್ಟಿನ ಪಕ್ಕ ಕೂತು "ಇದರಲ್ಲಿ ಜಾಸ್ತಿ ಹೊತ್ತಿಡು" ಎನ್ನುವರು, ಇವರು ತಣ್ಣನೆಯ ಬಕೆಟ್ಟಿನ ಪಕ್ಕ ಕೂತು "ಟೈಮಾಯ್ತು, ಈ ಕಡೆ ಬಾ" ಎನ್ನುವರು. ನನ್ನ ಕೈಗಳು ಇಬ್ಬರ ವ್ಯಾಜ್ಯದ ಸೊತ್ತು.

ಒಂದು ಸಂಜೆ ಆ ಕಡೆಯಿಂದ ಈ ಕಡೆಗೆ ಕೈ ಸಾಗಿಸುವಾಗ ಇವರು ನನ್ನ ಮಣಿಕಟ್ಟನ್ನು ಹಿಡಿದು ನೀರಿಗೆ ಒತ್ತಿದರು. ಜೋರಾಗಿ ಒತ್ತಲಿಲ್ಲ. ಆದರೆ ನನಗೆ ಕಣ್ಣು ಕತ್ತಲೆ ಬಂತು. ಕಾಲಿನಿಂದ ತಣ್ಣೀರಿನ ಬಕೆಟ್ಟನ್ನು ಒದ್ದೆ. ನೀರು, ಐಸು, ಥರ್ಮಾಮೀಟರು ಎಲ್ಲ ನಡುಮನೆ ತುಂಬಾ ಹರಿಯಿತು.

"ನಾನೇನು ನಿಮ್ಮ ಸ್ಕೂಲಿನ ಪ್ರಯೋಗಾಲಯವಾ? ಬಿಸಿಯಂತೆ, ತಣ್ಣಗಂತೆ! ನನ್ನ ಕೈಗೆ ಹೇಗಿದೆ ಅಂತ ಇಬ್ಬರಲ್ಲಿ ಒಬ್ಬರಾದ್ರೂ ಕೇಳಿದ್ರಾ?"

ಇವರು ಒದ್ದೆ ಪಂಚೆಯಲ್ಲಿ ಬಕೆಟ್ ಎತ್ತಿ ನಿಲ್ಲಿಸಿದರು. ಒಡೆದ ಥರ್ಮಾಮೀಟರಿನ ಪಾದರಸ ನೆಲದ ಮೇಲೆ ಮಣಿಮಣಿಯಾಗಿ ಉರುಳುತ್ತಿತ್ತು. ಅದನ್ನು ಕಾಗದದಲ್ಲಿ ಹುಷಾರಾಗಿ ಕೂಡಿಸುತ್ತಾ, ನನ್ನ ಮುಖ ನೋಡದೆ, "ಏನು ಮಾಡಬೇಕೋ ಗೊತ್ತಾಗ್ತಿಲ್ಲ ಕಣೇ" ಎಂದರು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ನನ್ನ ಸಿಟ್ಟು ಇಳಿಯಲಿಲ್ಲ.

ಇನ್ನುಳಿದದ್ದು ವಿಶ್ರಾಂತಿ. ಆ ಜಗಳದ ಸುದ್ದಿ ಹೇಗೋ ಚನ್ನರಾಯಪಟ್ಟಣದಲ್ಲಿದ್ದ ನನ್ನ ಅಕ್ಕನನ್ನು ಮುಟ್ಟಿತು. ಅವಳು ಮರುದಿನವೇ ಬಸ್ಸಿನಲ್ಲಿ ಬಂದಿಳಿದಳು.

"ಇವಳಿಗೆ ಬೇಕಾಗಿರೋದು ರೆಸ್ಟು. ಮನೆ ಕೆಲಸ, ಬಸ್ಸು, ಟೈಪಿಂಗು, ಕೈ ಇನ್ನೇನಾಗತ್ತೆ? ನಾನು ಕರ್ಕೊಂಡು ಹೋಗ್ತೀನಿ. ಒಂದು ಕಡ್ಡಿ ಎತ್ತೋಕೆ ಬಿಡಲ್ಲ."

ನೆಗಡಿ, ಜ್ವರ, ನಿಶ್ಶಕ್ತಿ ಎಂದು ವೈದ್ಯಕೀಯ ರಜೆ ಹಾಕಿ ಹೋದೆ. ಅಕ್ಕ ಮಾತಿನಂತೆ ಕಡ್ಡಿ ಎತ್ತಲು ಬಿಡಲಿಲ್ಲ. ಕಾಫಿ ಲೋಟವನ್ನು ತುಟಿಯವರೆಗೆ ತಂದಳು. ತಲೆ ಬಾಚಿದಳು. ಸೀರೆಯ ನೆರಿಗೆ ಹಿಡಿದಳು. ನಾನು ತಟ್ಟೆ ಎತ್ತಲು ಹೋದರೆ ಕೈಗೆ ಹೊಡೆಯುವುದೊಂದು ಬಾಕಿ. ಮೊದಲ ವಾರ ಸ್ವರ್ಗ. ಊತ ಇಳಿಯಿತು. ನಾನು ಹಾಸಿಗೆಯಲ್ಲಿ ಒರಗಿ, ಇನ್ನು ಹೀಗೇ ಗುಣವಾಗುತ್ತದೆ ಎಂದುಕೊಂಡೆ.

ಎರಡನೆಯ ವಾರದಲ್ಲಿ ಬೆರಳುಗಳು ನೋಯುವುದನ್ನು ಬಿಟ್ಟು ಬಾಗುವುದನ್ನೂ ಬಿಡತೊಡಗಿದವು. ಮೂರನೆಯ ವಾರದಲ್ಲಿ ಭುಜ ಎತ್ತಲು ಕಷ್ಟವಾಯಿತು. ಕಾಲು ಕೂಡ ಹಿಡಿದುಕೊಂಡಿತು.

"ಅಕ್ಕ, ಓಡಾಡ್ತೀನಿ ಕಣೆ. ಮಲಗಿ ಮಲಗಿ ಮೈ ತುಕ್ಕು ಹಿಡೀತಿದೆ."

"ಸುಮ್ನೆ ಬಿದ್ಕೊಳ್ಳೇ. ರೆಸ್ಟ್ ಸಾಕಾಗಿಲ್ಲ, ಅದಕ್ಕೇ ಹಾಗೆ."

ಬಿಸಿ ಸಾಲದ್ದಕ್ಕೆ ಉರಿ, ತಂಪು ಸಾಲದ್ದಕ್ಕೆ ಊತ, ವಿಶ್ರಾಂತಿ ಸಾಲದ್ದಕ್ಕೆ ಮರಗಟ್ಟುವುದು. ಯಾರ ಔಷಧಿಯೂ ತಪ್ಪಲ್ಲ, ನಾನು ತೆಗೆದುಕೊಂಡದ್ದೇ ಕಡಿಮೆ! ಹೊರಡುತ್ತೇನೆಂದಾಗ ಅಕ್ಕ ಅತ್ತಳು. ಅವಳು ಅತ್ತದ್ದಕ್ಕೆ ನನಗೆ ಇನ್ನೂ ಕೋಪ ಬಂತು. ಒಬ್ಬಳೇ ಬಸ್ಸು ಹತ್ತಿದೆ. ಹತ್ತುವಾಗ ಬಾಗಿಲಿನ ಕಂಬಿ ಹಿಡಿಯಲಾಗದೆ ಮೆಟ್ಟಿಲ ಮೇಲೆ ಮಂಡಿಯೂರಿದೆ.

ಕೆಲಸಕ್ಕೆ ಹಾಜರಾದ ವಾರದಲ್ಲೇ ಒಂದು ಪಾಲಿನ ದಾವೆಯ ಸಾಕ್ಷಿ ಬಂತು. ದಂಡಿಗನಹಳ್ಳಿ ಕಡೆಗೆ ಮದುವೆಯಾಗಿ ಹೋಗಿದ್ದ ಒಬ್ಬ ಅಜ್ಜಿ, ಅರಕಲಗೂಡು ತಾಲ್ಲೂಕಿನ ತವರಿನ ಜಮೀನಿನಲ್ಲಿ ತನ್ನ ಪಾಲು ಬೇಕೆಂದು ಅಣ್ಣನ ಮಕ್ಕಳ ಮೇಲೆ ಹಾಕಿದ್ದ ದಾವೆ. ನಮ್ಮ ಚಿಕ್ಕ ಕೋರ್ಟಿನಲ್ಲಿ ಇಂಥ ಸಿವಿಲ್ ದಾವೆಗಳನ್ನೂ ಮ್ಯಾಜಿಸ್ಟ್ರೇಟರೇ ಕೇಳುತ್ತಿದ್ದರು. ಎದುರು ವಕೀಲರು ಪಾಟೀಸವಾಲಿಗೆ ನಿಂತರು. ಅಜ್ಜಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೆ ಎಂಬುದು ಅವರ ವಾದ. ಅಜ್ಜಿ ಅದಕ್ಕೆ ಬಗ್ಗುವವಳಲ್ಲ.

"ನಾ ಒತ್ತಿಲ್ಲ ಕಣಪ್ಪ. ಎಷ್ಟ್ ಸಲ ಯೋಳ್ಳಿ? ಅವತ್ತು ನಾ ಊರ್ನಾಗೇ ಇರ್ನಿಲ್ಲ, ಬಾಣಂತನಕ್ಕೆ ಮಗಳ ಮನೆಗೆ ಓಗಿದ್ದೆ."

ಮ್ಯಾಜಿಸ್ಟ್ರೇಟರು ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. 'ಹೆಬ್ಬೆಟ್ಟಿನ ಗುರುತು ಒತ್ತಿರುವುದಿಲ್ಲ.' ಒಂದು ಪುಟ. ಎರಡು ಪುಟ. ಬೆಳಗಿನ ಹೊತ್ತು, ಕೈ ಇನ್ನೂ ಸಡಿಲವಾಗಿರಲಿಲ್ಲ. ತೋರುಬೆರಳು ಎರಡನ್ನೇ ಬಳಸಿ ಕುಟ್ಟುತ್ತಿದ್ದೆ. ಮೂರನೆಯ ಪುಟದ ನಡುವೆ ಎದುರು ವಕೀಲರು ತಮಗೆ ಬಂದ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಸ್ವಾಮಿ, ಇದರಲ್ಲಿ ಏನೂ ಕಾಣಲ್ಲ. ಖಾಲಿ ಹಾಳೆ."

ಮ್ಯಾಜಿಸ್ಟ್ರೇಟರು ಹಾಳೆಯನ್ನು ತರಿಸಿ ನೋಡಿದರು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಅಕ್ಷರದ ನೆರಳು ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಸಿಟ್ಟಿನ ಮನುಷ್ಯರಲ್ಲ, ಆದರೆ ಅವಸರದವರು.

"ಏನಮ್ಮಾ ಇದು? ರಜೆಯಿಂದ ಬಂದ ಮೇಲೂ ಹೀಗಾ? ಕಾರ್ಬನ್ ಬದಲಾಯಿಸಿ."

ಬದಲಾಯಿಸಲು ಹೋದೆ. ಹಾಳೆಗಳನ್ನು ಜೋಡಿಸಿ ರೋಲರಿಗೆ ತೂರಿಸಬೇಕು. ಬೆರಳ ತುದಿಯಿಂದ ಹಾಳೆ ಜಾರಿತು. ಮತ್ತೆ ಜೋಡಿಸಿದೆ. ಮತ್ತೆ ಜಾರಿ ಕಾರ್ಬನ್ ನೆಲಕ್ಕೆ ಬಿತ್ತು. ಕೋರ್ಟಿನಲ್ಲಿದ್ದವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ದಲಾಯತ್ ಬಗ್ಗಿ ಎತ್ತಿಕೊಡಲು ಬಂದ. ಎಣ್ಣೆ ಸಿಡಿಯಿತು, ಜ್ವರ ಬಂದಿತ್ತು, ರಿಬ್ಬನ್ ಹಳೆಯದು, ಎಂದು ಹೇಳುತ್ತಾ ಬಂದಿದ್ದ ಸುಳ್ಳುಗಳಲ್ಲಿ ಇನ್ನೊಂದನ್ನು ಹುಡುಕಲು ನನಗೆ ಬೇಸರವಾಗಿ ಹೋಯಿತು. ಧೈರ್ಯ ಬಂತೆಂದು ಹೇಳಲಾರೆ. ಸಾಕುಸಾಕಾಗಿತ್ತು, ಅಷ್ಟೆ.

ಎದ್ದು ನಿಂತೆ.

"ಸಾರ್, ಕಾರ್ಬನ್ ಚೆನ್ನಾಗಿದೆ. ನನ್ನ ಕೈ ಚೆನ್ನಾಗಿಲ್ಲ. ನನಗೆ ಸಂಧಿವಾತ ಇದೆ. ಬೆಳಗಿನ ಹೊತ್ತು ಬೆರಳು ಬಾಗಲ್ಲ. ಮಧ್ಯಾಹ್ನದ ಮೇಲೆ ಟೈಪ್ ಮಾಡಬಲ್ಲೆ, ಈಗ ಆಗಲ್ಲ."

ಮೊದಲು ಮಾತಾಡಿದ್ದು ಕಟಕಟೆಯಲ್ಲಿ ನಿಂತಿದ್ದ ಅಜ್ಜಿ.

"ಅಯ್ಯೋ ನನ್ ಕಂದಾ, ವಾತ್ವಾ? ಉತ್ತದ ಮಣ್ಣ ಬಿಸಿ ಮಾಡಿ ಕಟ್ಟವ್ವಾ! ನಮ್ ಅತ್ತೆಮ್ಮಂಗೆ ಅಂಗೇ ವಾಸಿಯಾಗಿದ್ದು."

"ಅಜ್ಜೀ, ಕೇಳಿದ್ದಕ್ಕೆ ಮಾತ್ರ ಹೇಳಬೇಕು" ಎಂದರು ಮ್ಯಾಜಿಸ್ಟ್ರೇಟರು.

"ನೀವ್ ಕೇಳ್ನಿಲ್ಲ ಬುಡಿ ಸಾ, ಆಕೆ ಯೋಳಿದ್ಕೆ ಯೋಳ್ದೆ."

ಯಾರೋ ನಕ್ಕರು. ಎದುರು ವಕೀಲರೂ ನಕ್ಕರು. ನಾನು ನಗಲಿಲ್ಲ. ಮ್ಯಾಜಿಸ್ಟ್ರೇಟರು ವಿಚಾರಣೆಯನ್ನು ಮಧ್ಯಾಹ್ನಕ್ಕೆ ಹಾಕಿ, ಚೇಂಬರಿಗೆ ನನ್ನನ್ನು ಕರೆಸಿದರು.

"ಮೊದಲೇ ಹೇಳೋಕೇನಮ್ಮಾ? ನಾನು ನಿಮ್ಮನ್ನ ಸೋಮಾರಿ ಅಂದ್ಕೊಂಡಿದ್ದೆ. ಮೇಲಕ್ಕೆ ಬರೆಯೋಣ ಅಂತಲೂ ಇದ್ದೆ." ಅವರಿಗೆ ಸಂಕೋಚವಾಗಿತ್ತು, ಆ ಸಂಕೋಚವೂ ಸಿಡುಕಿನ ಹಾಗೆಯೇ ಹೊರಬಂತು. "ಔಷಧಿ ಏನು ತಗೋತಿದ್ದೀರಿ?"

ಮರಳು, ಮೇಣ, ಐಸು, ಎರಡು ಬಕೆಟ್, ಅಕ್ಕನ ಮನೆ ಎಂದು ಹೇಳಲು ಬಾಯಿ ಬರಲಿಲ್ಲ. "ಶುರು ಮಾಡಬೇಕು ಸಾರ್" ಎಂದೆ. ಹೇಳಿದ ಮೇಲೆ ಅದು ನನಗೇ ಕೇಳಿಸಿತು. ಇಷ್ಟು ತಿಂಗಳು ನಾನು ಔಷಧಿಯನ್ನೇ ತೆಗೆದುಕೊಂಡಿರಲಿಲ್ಲ.

ಅಂದು ಮನೆಗೆ ಹೋಗಿ, ಬೀರುವಿನ ಮೇಲರೆಯಿಂದ ಡಬ್ಬಿ ಇಳಿಸಿಕೊಡಿ ಎಂದೆ ನಮ್ಮೆಜಮಾನರಿಗೆ. ಇವರು ಇಳಿಸಿದರು. ತಕ್ಷಣ ನುಂಗುವುದು ಬೇಡ, ಡಾಕ್ಟರನ್ನು ಕೇಳಿಯೇ ಶುರು ಮಾಡೋಣ, ನಾನೂ ಬರುತ್ತೇನೆ ಎಂದರು. ಅತ್ತೆ ಮಾತಾಡಲು ಬಾಯಿ ತೆರೆದರು.

"ಅತ್ತೆ, ಬೆಳಿಗ್ಗೆ ನಿಮ್ಮ ಹಬೆ ಬೇಕು ನನಗೆ. ಅದನ್ನ ಬಿಡಲ್ಲ. ಸಂಜೆ ಮರಳು ಬೇಡ. ಮಾತ್ರೆ ತಗೋತೀನಿ. ಇದರ ಮೇಲೆ ಇನ್ನು ಚರ್ಚೆ ಬೇಡ" ಎಂದೆ. ಅಷ್ಟು ವರ್ಷದಲ್ಲಿ ಅವರೊಂದಿಗೆ ನಾನು ಹಾಗೆ ಮಾತಾಡಿರಲಿಲ್ಲ. ಅವರು ಬಾಯಿ ಮುಚ್ಚಿ ಒಳಗೆ ಹೋದರು. ಒಂದೆರಡು ದಿನ ನನ್ನೊಡನೆ ಮಾತು ಬಿಟ್ಟರು. ಹಬೆಯ ಪಾತ್ರೆ ಮಾತ್ರ ಬೆಳಿಗ್ಗೆ ತಪ್ಪದೆ ಬಂತು.

ಹಾಸನದ ಡಾಕ್ಟರು ನನ್ನ ಕೈ ನೋಡಿ ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. ಎಕ್ಸ್‌ರೇ ಹಿಡಿದು ಬಲಗೈಯ ಎರಡು ಕೀಲುಗಳ ಅಂಚು ಸವೆದದ್ದನ್ನು ಪೆನ್ನಿನ ತುದಿಯಿಂದ ತೋರಿಸಿದರು.

"ಇದು ಇನ್ನು ಮೊದಲಿನಂತೆ ಆಗಲ್ಲ. ಮುಂದೆ ಆಗೋದನ್ನ ತಡೆಯಬಹುದು."

ನಮ್ಮೆಜಮಾನರು ಆ ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಬಿಸಿ ಕೊಡಬೇಕಾ, ತಂಪಾ ಡಾಕ್ಟ್ರೇ?" ಎಂದು ಶಾಲೆಯ ಹುಡುಗನ ಹಾಗೆ ಕೇಳಿದರು.

"ಮರಗಟ್ಟಿದಾಗ ಬಿಸಿ. ಊದಿ ಸುಡ್ತಿರೋವಾಗ ತಂಪು. ಯಾವುದು ಯಾವಾಗ ಅಂತ ಇವರನ್ನ ಕೇಳಿ, ಕೈ ಇವರದು. ಎರಡೂ ನೋವಿಗೆ, ಕಾಯಿಲೆಗಲ್ಲ. ವಿಶ್ರಾಂತಿ ಅಂದ್ರೆ ಮಲಗೋದಲ್ಲ, ಸ್ವಲ್ಪ ಕೆಲಸ, ಸ್ವಲ್ಪ ಬಿಡುವು. ಕಾಯಿಲೆಗೆ ಮಾತ್ರೆ." ಇಷ್ಟು ಹೇಳಿ ಮುಂದಿನವರನ್ನು ಕರೆದರು. ಇದನ್ನೇ ಮೊದಲ ಸಲ ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಬಸ್ಸಿನಲ್ಲಿ ಇಡೀ ದಾರಿ ಅವರನ್ನು ಬೈದೆ. ಹೇಳಿದ್ದರೂ ಕೇಳುತ್ತಿದ್ದೆವೋ ಇಲ್ಲವೋ.

ಮಾತ್ರೆ ನುಂಗಿದ ಮರುದಿನ ಹೊಟ್ಟೆ ತೊಳಸುತ್ತಿತ್ತು. ಶನಿವಾರ ಸಂಜೆ ನುಂಗಿ ಭಾನುವಾರ ಮಲಗುವ ಹಾಗೆ ಹೊಂದಿಸಿಕೊಂಡೆ. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳೂ ಆಗಲಿಲ್ಲ, ಡಬ್ಬಿಯನ್ನು ಕಿಟಕಿಯಿಂದಾಚೆ ಎಸೆಯಬೇಕೆನಿಸಿತು. ಕೋರ್ಟಿನಲ್ಲಿ ಬೆಳಗಿನ ಹೊತ್ತು ನನಗೆ ಕಡತಗಳ ಕೆಲಸ, ಮಧ್ಯಾಹ್ನ ಸಾಕ್ಷಿಗಳ ಟೈಪಿಂಗ್ ಎಂದು ಹಂಚಿಕೊಟ್ಟಿದ್ದರು. ಕೆಲವರಿಗೆ ಅದು ಸರಿಕಾಣಲಿಲ್ಲ, ನನ್ನ ಬೆನ್ನ ಹಿಂದೆ 'ಮಧ್ಯಾಹ್ನದ ಮಹಾರಾಣಿ' ಎಂದರು. ಅನ್ನಲಿ ಎಂದು ಬಿಟ್ಟೆ. ಪುಟ ಬದಲಾಯಿಸುವಾಗಲೆಲ್ಲ ಕೈಯನ್ನು ಮಡಿಲಲ್ಲಿ ಇಟ್ಟು ಬೆರಳು ಬಿಚ್ಚಿ ಮಡಚಿ ಮಾಡುತ್ತಿದ್ದೆ. ಮ್ಯಾಜಿಸ್ಟ್ರೇಟರು ಅಷ್ಟು ಹೊತ್ತು ಛಾವಣಿ ನೋಡುತ್ತಾ ಕಾಯುತ್ತಿದ್ದರು. ಅವರಿಗೆ ಕಾಯುವುದು ಬಾರದು, ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು. ಆದರೂ ಕಾದರು.

ಮೂರನೆಯ ತಿಂಗಳ ಒಂದು ಬೆಳಿಗ್ಗೆ ಹಬೆಯ ಪಾತ್ರೆ ಬರುವುದಕ್ಕೆ ಮೊದಲೇ ಸೀರೆಗೆ ಪಿನ್ನು ಚುಚ್ಚಿಕೊಂಡಿದ್ದೆ ಎಂಬುದು ನನಗೆ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಅಷ್ಟೇ. ಗುಣವಾಯಿತು ಎಂದು ಹೇಳುವಂಥದ್ದಲ್ಲ. ಅದಾದ ಮೇಲೂ ಕಾಯಿಲೆ ಬಂದು ಬಂದು ಹೋಗಿದೆ. ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಎರಡು ಸಾವಿರದ ನಂತರ ಕಂಪ್ಯೂಟರ್ ಬಂದು ಗುದ್ದುವ ಕಷ್ಟ ತಪ್ಪಿತು.

ಆದರೆ ಅದು ಬರುವುದಕ್ಕೆ ಮುಂಚೆ, ಆ ಮುಂದಿನ ಮಳೆಗಾಲದಲ್ಲಿ ಕಾಯಿಲೆ ಒಮ್ಮೆ ಕೆರಳಿತು. ಸಂಜೆ ಮನೆಗೆ ಬಂದಾಗ ಎರಡೂ ಕೈ ಊದಿ, ಚಪ್ಪಲಿ ಬಿಡಲೂ ಬಗ್ಗಲಾಗದೆ ಬಾಗಿಲಲ್ಲೇ ಕೂತೆ. ಅತ್ತೆ ಅಡುಗೆಮನೆಯಿಂದ ಬಂದರು. ನಮ್ಮೆಜಮಾನರು ಓದುತ್ತಿದ್ದ ಉತ್ತರಪತ್ರಿಕೆಗಳನ್ನು ಬಿಟ್ಟು ಬಂದರು. ಇಬ್ಬರೂ ನನ್ನ ಕೈ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೇನು ಬಾಣಲೆ, ಇನ್ನೇನು ಗೋಣಿಚೀಲ ಎಂದು ನಾನು ಹಲ್ಲು ಕಚ್ಚಿ ಕೂತೆ.

ಇವರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಏನು ಬೇಕು? ಬಿಸಿನೋ, ತಣ್ಣಗೋ?" ಎಂದರು.

"ಎರಡೂ ಬೇಡ. ಹಸಿವಾಗ್ತಿದೆ. ಅನ್ನ ಕಲಸಿ ಕೊಡಿ."

ಇವರು ಕೈ ತೊಳೆದು ಬಂದು ತಟ್ಟೆಯಲ್ಲಿ ಸಾರನ್ನ ಕಲಸಿದರು. ಹುಡುಗರ ಉತ್ತರಪತ್ರಿಕೆ ತಿದ್ದುವಷ್ಟೇ ಗಮನ ಕೊಟ್ಟು ಒಂದು ಒಣ ಅಗುಳೂ ಉಳಿಯದಂತೆ ಕಲಸಿದರು. ಅತ್ತೆ ತುಪ್ಪದ ಗಿಂಡಿಯನ್ನು ತಟ್ಟೆಯ ಪಕ್ಕಕ್ಕೆ ಸರಿಸಿದರು. ಇವರು ಮೊದಲ ತುತ್ತನ್ನು ನನ್ನ ಬಾಯಿಯವರೆಗೆ ತಂದರು. ತಾಯಿಯ ಎದುರಿಗೆ ಹೆಂಡತಿಗೆ ತುತ್ತು ಕೊಡುವ ನಾಚಿಕೆಗೆ ಕಿವಿಯೆಲ್ಲ ಕೆಂಪಾಗಿತ್ತು.

ತಿಂದೆ. ನುಂಗಿದ ಮೇಲೆ, "ಉಪ್ಪು ಕಡಿಮೆ" ಎಂದೆ.